ಈರವ್ವನಿಗೆ ಇಟ್ಟ ಹೆಸರುಗಳು

ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಆರ್.ಟಿ. ನಗರದ ಪಂಚಪ್ಪ ಒಲೆಯ ಮೇಲೆ ಹಾಲಿಟ್ಟು ಸೈಕಲ್ ಹತ್ತಿದವನು, ಮಾಕಳಿಯ ಗಾಣಕ್ಕೆ ಹೋಗಿ, ಒಂದು ಡಬ್ಬಿ ತುಂಬ ಎಳ್ಳೆಣ್ಣೆ ಹಿಡಿಸಿಕೊಂಡು, ಆ ಹಾಲು ಉಕ್ಕುವುದರೊಳಗೆ ವಾಪಸ್ಸು ಬಂದು ಒಲೆ ಆರಿಸಿದ. ಹೋಗುತ್ತಾ ಹದಿನೆಂಟು ಕಿಲೋಮೀಟರು, ಬರುತ್ತಾ ಹದಿನೆಂಟು. ಒಟ್ಟು ಹನ್ನೊಂದು ನಿಮಿಷ. ಮೇಖ್ರಿ ಸರ್ಕಲ್ಲಿನ ಪೊಲೀಸಿನವನು ಇವನನ್ನು ನಿಲ್ಲಿಸಲು ಸೀಟಿ ಬಾಯಿಗಿಟ್ಟುಕೊಂಡ. ಸೀಟಿ ಕೂಗುವ ಹೊತ್ತಿಗೆ ಪಂಚಪ್ಪ ಯಶವಂತಪುರ ದಾಟಿ, ತುಮಕೂರು ರಸ್ತೆಯಲ್ಲಿ ಎರಡು ಲಾರಿಗಳನ್ನು ಹಿಂದಕ್ಕೆ ಹಾಕಿ, ಮೂರನೆಯದರ ಡ್ರೈವರಿಗೆ ನಮಸ್ಕಾರವನ್ನೂ ಹೇಳಿ ಆಗಿತ್ತು. ಗಾಣದಲ್ಲಿ ಮುನಿಗಂಗಪ್ಪನ ಬಿಳಿ ಎತ್ತು ಇವನ ಅವಸರ ನೋಡಿ, ಹುಟ್ಟಿದಾಗಿನಿಂದ ನಡೆಯದ ನಡಿಗೆ ನಡೆದು ಗಿರಗಿರನೆ ಸುತ್ತಿ ಎಣ್ಣೆ ಇಳಿಸಿಕೊಟ್ಟಿತು. ನಂಬದವರು ಬಿಡಲಿ. ಈ ಕಥೆ ಹುಟ್ಟಿದ್ದೇ ಆ ಎಣ್ಣೆಯಿಂದ.

ಪಂಚಪ್ಪ ಅಂದರೆ ಸಾಮಾನ್ಯದವನಲ್ಲ. ಕಾಲೇಜೊಂದರ ಲೈಬ್ರರಿಯಲ್ಲಿ ಅಟೆಂಡರು. ಅವನ ಬಾಯಿಂದ ಕೇಳಿದರೆ ಪ್ರಿನ್ಸಿಪಾಲರೇ ಅವನ ಕೈಕೆಳಗೆ. ಇಪ್ಪತ್ತೆಂಟು ವರ್ಷ, ಮದುವೆಯಾಗಿಲ್ಲ, ಅದಕ್ಕೆ ಕಾರಣ ಆರ್.ಟಿ. ನಗರದಿಂದ ಹೆಬ್ಬಾಳದವರೆಗೆ ಅವನಿಗೆ ತಕ್ಕ ಹೆಣ್ಣು ಹುಟ್ಟಿಲ್ಲದಿರುವುದು. ಅಣ್ಣ ವೀರಬಸಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಮಾತು ಕಡಿಮೆ, ಊಟ ಜಾಸ್ತಿ. ಅಣ್ಣನ ಹೆಂಡತಿ ರತ್ನ ರಾಜಾನುಕುಂಟೆಯವಳು. ಓಣಿಗೆಲ್ಲ ರತ್ನಕ್ಕ, ಪಂಚಪ್ಪನಿಗೆ ವೈನಿ. ತಾಯಿಯಿಲ್ಲದ ಹೆಣ್ಣು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಈಗ ಮೊದಲ ಬಸಿರು, ಆರನೇ ತಿಂಗಳು. ಇನ್ನು ಅವ್ವ, ಈರವ್ವ. ಗದಗಿನ ಕಡೆಯಿಂದ ಮಕ್ಕಳ ಬೆನ್ನಿಗೆ ಬಂದು ಹದಿನಾಲ್ಕು ವರ್ಷವಾದರೂ ಆಕೆಯ ಮಾತೂ ಅಲ್ಲಿಯದೇ, ರೊಟ್ಟಿಯೂ ಅಲ್ಲಿಯದೇ.

ಈರವ್ವನ ಕೈಯಲ್ಲಿ ಒಂದು ವಿದ್ಯೆಯಿತ್ತು. ಕೂಸಿಗೆ ಎರೆಯುವುದು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಆ ಕಾಲುಗಳ ಮೇಲೆ ಹಸುಗೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಮೂಗು ತಿದ್ದಿ, ತಲೆ ದುಂಡಗೆ ಒತ್ತಿ, ಮೊಣಕೈ ಅದ್ದಿ ಹದ ನೋಡಿದ ಬಿಸಿನೀರನ್ನು ಹೊಯ್ದಳೆಂದರೆ, ಊರೇ ಕೇಳುವ ಹಾಗೆ ಅತ್ತ ಕೂಸು ಲೋಬಾನದ ಹೊಗೆ ತಾಕುವ ಮೊದಲೇ ನಿದ್ದೆಹೋಗುತ್ತಿತ್ತು. ಓಣಿಯಲ್ಲಿ ಯಾರಿಗೆ ಹೆರಿಗೆಯಾದರೂ ಈರವ್ವನೇ ಬೇಕು. ಕಾಸು ಮುಟ್ಟುತ್ತಿರಲಿಲ್ಲ, ಕುಬುಸದ ಬಟ್ಟೆ, ಎಲೆಯಡಿಕೆ, ಅಷ್ಟೇ.

ಅದಕ್ಕೆ ಪ್ರತಿಯಾಗಿ ಸಿಗುತ್ತಿದ್ದದ್ದು ಹೆಸರುಗಳು. ಮೂಲೆಮನೆಯವರು ದೊಡ್ಡಮ್ಮ ಅಂದರು. ತಮಿಳಿನವರು ಪಾಟಿ ಅಂದರು. ಎದುರುಮನೆಯ ನಜ್ಮುನ್ನೀಸಾ ಬಡೀ ಮಾ ಅಂದಳು. ಯಾರೋ ಮಹಾತಾಯಿ ಅಂದರು, ಅದು ಅಂಟಿಕೊಂಡಿತು. "ಮಹಾತಾಯಿ ಬಂದ್ರು, ನೀರು ಕಾದಿದ್ಯಾ ನೋಡಿ!" ಅಂತ ಬಾಗಿಲು ಬಾಗಿಲಲ್ಲಿ ಕೂಗುತ್ತಿದ್ದರು. ಇದಕ್ಕೆಲ್ಲ ಉಪ್ಪುಖಾರ ಹಚ್ಚಿದವನು ಪಂಚಪ್ಪ. ಟೀ ಅಂಗಡಿಯಲ್ಲಿ ಕೂತನೆಂದರೆ, "ಗುರು, ನಮ್ಮವ್ವ ನೀರು ಹಾಕಿದ ಕೂಸು ಆರನೇ ತಿಂಗಳಿಗೆ ಓಡುತ್ತೆ. ಎಂಟನೇ ತಿಂಗಳಿಗೆ ಮಗ್ಗಿ ಹೇಳುತ್ತೆ. ಊರಲ್ಲಿ ಉಸಿರೇ ಇಲ್ಲದ ಕೂಸೊಂದಕ್ಕೆ ಎರೆದ್ಲು, ಅದು ಎದ್ದು ಕೂತು 'ನೀರು ಸ್ವಲ್ಪ ಬಿಸಿ ಕಣಜ್ಜಿ' ಅಂತು!" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಅರ್ಧ ನಂಬುತ್ತಲೂ ಇದ್ದರು.

ಈರವ್ವನಿಗೆ ಈ ಹೆಸರುಗಳ ಮೇಲೆ ಆಸೆಯಿರಲಿಲ್ಲ. ಆಸೆಯಿದ್ದದ್ದು ಒಂದೇ. ಪರರ ಕೂಸುಗಳಿಗೆ ನೂರಾರು ಕೊಡ ನೀರು ಹೊಯ್ದ ಕಾಲುಗಳ ಮೇಲೆ ತನ್ನ ಮೊಮ್ಮಗು ಒಮ್ಮೆ ಮಲಗಬೇಕು. ಸೊಸೆಗೆ ತವರಿನಲ್ಲಿ ತಾಯಿಯಿಲ್ಲ, ಬಾಣಂತನ ಇಲ್ಲೇ. ಒಂಬತ್ತು ವರ್ಷ ಕಾದಿದ್ದು ಇನ್ನು ಮೂರು ತಿಂಗಳು. ಹಳೇ ಸೀರೆ ಹರಿದು ಮೆತ್ತನೆ ಬಟ್ಟೆ ಮಾಡಿ, ತಲೆಗೆ ಹಾಕುವ ಕುಂಚಿಗೆ ಹೊಲಿದು, ಟ್ರಂಕಿನಲ್ಲಿಟ್ಟು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದಳು.

"ಅತ್ತೆ, ಅದನ್ನ ಮುಟ್ಟೀ ಮುಟ್ಟೀ ಸವೆಸ್ಬಿಡ್ತೀರ ಈಗಲೇ" ಅಂತ ರತ್ನ ನಗುತ್ತಿದ್ದಳು.

"ಸವೀಲಿ ಬಿಡವಾ. ಹಳೇದಾದಷ್ಟೂ ಮೆತ್ತಗ."

ಆಕೆಯ ಗುಟ್ಟೊಂದು ಪಂಚಪ್ಪನಿಗೆ ಮಾತ್ರ ಗೊತ್ತಿತ್ತು. ಎರಡು ವರ್ಷದ ಹಿಂದೆ ಜ್ವರ ಬಂದು ಹೋದಾಗಿನಿಂದ ಈರವ್ವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಹಳಸಿದ ಪಲ್ಯವನ್ನು ಆಕೆ ಬಡಿಸಿದ ದಿನ ಅವನಿಗೆ ಗೊತ್ತಾಯಿತು. ಆಕೆ ಅವನ ಕೈ ಹಿಡಿದುಕೊಂಡು, "ಪಂಚಾ, ಯಾರ ಮುಂದೂ ಬಾಯಿ ಬಿಡಬ್ಯಾಡ. ಮೂಗು ಸತ್ತಾಕಿ ಕೈಯಾಗ ಕೂಸು ಯಾರು ಕೊಡ್ತಾರ? ಇನ್ನ ಮ್ಯಾಲೆ ನೀನ ನನ್ನ ಮೂಗು" ಅಂದಿದ್ದಳು. ಅವನು ಎದೆ ಮುಟ್ಟಿಕೊಂಡು ಹೂಂ ಅಂದಿದ್ದ. ಎದೆ ಮುಟ್ಟಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಆ ಬೇಸಿಗೆ ನಜ್ಮುನ್ನೀಸಾಳ ಸೊಸೆ ದಿಲ್‌ಶಾದ್‌ಗೆ ಗಂಡು ಹುಟ್ಟಿತು. ಅವಳ ಗಂಡ ಅಕ್ಬರ್ ಪಾಷಾ ಓಣಿಗೆಲ್ಲ ಪೇಡ ಹಂಚಿದ. ನಜ್ಮುನ್ನೀಸಾ ತಾನೇ ಬಂದು, "ಬಡೀ ಮಾ, ನಮ್ ಬಚ್ಚಾಗೆ ನಿನ್ ಕೈದೇ ನೀರು ಬೇಕು. ನಲವತ್ತು ದಿನ. ಬೇರೆ ಯಾರೂ ಮುಟ್ಟಬಾರ್ದು" ಅಂದಳು.

ಈರವ್ವ ಸೆರಗಿನ ಗಂಟು ಬಿಚ್ಚಿ ಪಂಚಪ್ಪನ ಕೈಗೆ ದುಡ್ಡು ಹಾಕಿದಳು. "ಅಂಗಡಿ ಎಣ್ಣಿ ಬ್ಯಾಡ. ಮಾಕಳಿಗೆ ಹೋಗಿ ಮುನಿಗಂಗಪ್ಪನ ಗಾಣದಾಗ ಹಿಡಿಸ್ಕೊಂಬಾ. ಮೂಸಿ ತಾ. ಕಮಟಾಗಿದ್ರ ಅಲ್ಲೇ ಚೆಲ್ಲಿ ಬಾ."

ಆಗಲೇ ಆ ಹನ್ನೊಂದು ನಿಮಿಷದ ಸವಾರಿ ನಡೆದದ್ದು. ಮನೆಯವರ ಮುಂದೆ ಮಾತ್ರ ಪಂಚಪ್ಪ ವಿನಯಕ್ಕೆ ಬಸ್ಸಿನಲ್ಲಿ ಹೋಗಿ ಬಂದೆ ಎಂದ. ಎತ್ತಿನ ವಿಷಯ ಬಿಡಲಿಲ್ಲ. "ಎತ್ತು ನನ್ನ ನೋಡಿ ತಲಿ ಆಡಿಸ್ತವ್ವ. ಕೂಸಿನ ಎಣ್ಣಿ ಅಂತ ಅದಕ್ಕೂ ಗೊತ್ತಾಗಿತ್ತು!"

"ಮೂಸಿದೀ?"

"ಮೂಸದ ತರ್ತೀನೇನು? ಘಮ್ಮಂತೈತಿ."

ಎದುರುಮನೆಯ ಬಚ್ಚಲಿನ ಲೋಬಾನದ ಹೊಗೆಯಲ್ಲಿ ಬೇರೆ ಯಾವ ವಾಸನೆಯೂ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲ್ಕನೇ ದಿನ ದಿಲ್‌ಶಾದ್‌ಳ ಕೂಸಿನ ಮೈಯೆಲ್ಲ ಕೆಂಪಾಯಿತು. ಐದನೇ ದಿನ ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ನೀರುಗುಳ್ಳೆ ಎದ್ದವು, ಗುಳ್ಳೆ ಒಡೆದು ಹಳದಿ ನೀರು ಬಟ್ಟೆಗೆ ಅಂಟಿತು. ಬಟ್ಟೆ ಬಿಡಿಸಿದರೆ ಚರ್ಮವೂ ಜೊತೆಗೆ ಬರುತ್ತಿತ್ತು. ಜ್ವರ ಏರಿತು. ಅಕ್ಬರ್ ಪಾಷಾ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೊತ್ತೊಯ್ದ. ಅಲ್ಲಿಯ ಡಾಕ್ಟರು ಕೂಸನ್ನು ತಿರುಗಿಸಿ ನೋಡಿ, "ಏನ್ರೀ ಬಳಿದಿದ್ದೀರ ಇದಕ್ಕೆ? ಮುದುಕೀರ ಕೈಗೆ ಕೊಟ್ರೆ ಹೀಗೇ ಆಗೋದು" ಎಂದರಂತೆ.

ಕೂಸು ಉಳಿಯಿತು. ಹನ್ನೆರಡು ದಿನದ ಮೇಲೆ ಮನೆಗೆ ಬಂತು. ಆದರೆ ಡಾಕ್ಟರ ಬಾಯಿಂದ ಬಿದ್ದ ಆ ಒಂದು ಮಾತು ಕೂಸಿಗಿಂತ ಮೊದಲೇ ಓಣಿಗೆ ಬಂದಿತ್ತು. ಅಲ್ಲಿಯವರೆಗೆ ಆರ್.ಟಿ. ನಗರದಲ್ಲಿ ಮುದುಕಿ ಅನ್ನುವ ಶಬ್ದವನ್ನೇ ಯಾರೂ ಕೇಳಿರಲಿಲ್ಲವೇನೋ ಅನ್ನುವ ಹಾಗೆ ಎಲ್ಲರೂ ಅದನ್ನು ಬಾಯಲ್ಲಿ ಹಾಕಿಕೊಂಡು ಚಪ್ಪರಿಸಿದರು. ಮೂಲೆಮನೆಯವರಿಗೆ ದೊಡ್ಡಮ್ಮನಾಗಿದ್ದವಳು, "ದೊಡ್ಡಮ್ಮ ಅಂತ ತಲೆ ಮೇಲೆ ಕೂರಿಸ್ಕೊಂಡಿದ್ದಕ್ಕೆ ಸರಿಯಾಯ್ತು" ಎಂಬಲ್ಲಿಗೆ ಇಳಿದಳು. ಇದೇ ಈರವ್ವನ ಕೈಯಿಂದ ಮೂರು ಮಕ್ಕಳಿಗೆ ಎರೆಸಿಕೊಂಡಿದ್ದ ಹೆಂಗಸು ನಲ್ಲಿಯ ಹತ್ತಿರ ಬಿಂದಿಗೆ ಸರಿಸುತ್ತಾ, "ಬಂತು ನೋಡಿ ಮಹಾತಾಯಿ" ಅಂದಳು. ಶಬ್ದ ಅದೇ. ಅದನ್ನು ಉಗುಳಿದ ರೀತಿ ಬೇರೆ. ಕೇಳಿದವರಿಗೆ ಬಿಂದಿಗೆಯೊಳಗೇ ಉಗುಳಿದಂತಾಯಿತು.

ನಜ್ಮುನ್ನೀಸಾ ಮಾತ್ರ ಬಾಗಿಲು ಹಾಕಿಕೊಂಡಳು. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು.

ಟೀ ಅಂಗಡಿಯಲ್ಲಿ ಪಂಚಪ್ಪನನ್ನು ಹಿಡಿದರು. "ಏನ್ ಗುರು, ನಿಮ್ಮವ್ವ ಕೂಸಿನ ಚರ್ಮಾನೇ ಸುಲಿದ್ಲಂತೆ? ಇನ್ನೊಂದ್ಸಲ ಎರೆದಿದ್ರೆ ಮೂಳೇನೂ ಬಿಡ್ತಿದ್ಲಾ?" ಅವನೇ ಹೇಳಿಕೊಟ್ಟ ಉತ್ಪ್ರೇಕ್ಷೆ, ಅವನ ಮೈಮೇಲೇ ತಿರುಗಿ ಬಂತು.

ಪಂಚಪ್ಪ ಟೀ ಲೋಟದೊಳಗೆ ನೋಡಿದ. ಕೆನೆಯ ಮೇಲೆ ನೊಣವೊಂದು ಬಿದ್ದು ಕಾಲಾಡಿಸುತ್ತಿತ್ತು. "ವಯಸ್ಸಾಯ್ತು ಗುರು" ಅಂದ. "ಹೇಳಿದ್ರೆ ಕೇಳಲ್ಲ, ಮುದುಕಿ."

ಅಷ್ಟು ಹೇಳಿ ನೊಣವನ್ನು ಬೆರಳಿನಿಂದ ತೆಗೆದು ಹಾಕಿ, ಆ ಟೀಯನ್ನೇ ಕುಡಿದ.

ಮನೆಯೊಳಗೆ ಮಾತುಗಳು ತಟ್ಟೆಯ ಮೂಲಕ ಬಂದವು. ರತ್ನ ಕೆಟ್ಟವಳಲ್ಲ, ಆದರೆ ಹೊಟ್ಟೆಯಲ್ಲಿ ಒಂಬತ್ತು ವರ್ಷ ಕಾದ ಕೂಸಿತ್ತು, ಭಯ ಅವಳ ನಾಲಿಗೆಯನ್ನು ಹರಿತ ಮಾಡಿತು. ಮೊದಲು ಹಿಟ್ಟು ನಾದುವ ಕೆಲಸ ಅತ್ತೆಯ ಕೈಯಿಂದ ಹೋಯಿತು.

"ಬಿಡಿ ಅತ್ತೆ, ನಾನೇ ಮಾಡ್ತೀನಿ. ನಿಮ್ಮ ಕೈ ಏನೋ ವಾಸನೆ ಹೊಡೀತಿದೆ."

ಈರವ್ವ ಕೈಗಳನ್ನು ಮೂಗಿಗೆ ಹಿಡಿದಳು. ಏನೂ ತಿಳಿಯಲಿಲ್ಲ. ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು, ಬೆರಳಿನ ಸಂದಿಯಲ್ಲಿ ರಕ್ತ ಬರುವವರೆಗೂ ತಿಕ್ಕಿದಳು. ಬಂದು ಪಂಚಪ್ಪನ ಮುಂದೆ ಕೈ ಚಾಚಿದಳು. "ನೋಡಪಾ, ಹೋತೇನು?"

"ಹೋತವ್ವ" ಅಂದ ಪಂಚಪ್ಪ. ಹೋಗಿರಲಿಲ್ಲ. ಆ ಡಬ್ಬಿ ಬಚ್ಚಲಿನ ಮೂಲೆಯಲ್ಲೇ ಇತ್ತು. ಅದರ ಕಮಟು ಗೋಡೆಗೆ ಹತ್ತಿ, ಹಾಸಿಗೆಗೆ ಹತ್ತಿ, ಅವನ ಅನ್ನಕ್ಕೆ ಹತ್ತಿತ್ತು. ತುತ್ತು ಬಾಯಿಗಿಟ್ಟರೆ ಮೂಗಿನಲ್ಲಿ ಆರಿದ ಬತ್ತಿಯ ವಾಸನೆ. ಆದರೂ ಡಬ್ಬಿಯನ್ನು ಎತ್ತಿ ಎಸೆಯಲು ಅವನ ಕೈ ಬರಲಿಲ್ಲ. ಎಸೆದರೆ ಯಾಕೆ ಎಸೆದೆ ಅಂತ ಕೇಳುವವರಿದ್ದರು.

ಈರವ್ವ ತನ್ನನ್ನೇ ದೂರಿಕೊಂಡಳು. "ಗಾಣದ ಎಣ್ಣಿ ಇದ್ದಿದ್ದ ಹೌದು. ನಾ ಡಬ್ಬಿ ತೊಳೆದು ಒಣಗಿಸಲಿಲ್ಲೇನೋ. ಹಳೇ ಜಿಡ್ಡು ಉಳಿದು ಕೆಟ್ಟಿತೇನೋ. ನನಗ ತಿಳೀಲಿಲ್ಲ" ಅಂತ ಪಂಚಪ್ಪನೊಬ್ಬನ ಹತ್ತಿರ ಪಿಸುಗುಟ್ಟಿದಳು. ಅವನು ತಲೆಯಾಡಿಸಿದ. ಮಾಕಳಿಯ ಎತ್ತು ತಲೆಯಾಡಿಸಿದ್ದಕ್ಕಿಂತ ಚೆನ್ನಾಗಿ ಆಡಿಸಿದ.

ವಾರ ಕಳೆದಂತೆ ಈರವ್ವನ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು. ಊಟಕ್ಕೆ ಕಡೆಯ ಸರದಿ. ತಣ್ಣಗಾಗಿ ಪೊರೆಗಟ್ಟಿದ ಸಾರು, ಬೆಳಗಿನ ರೊಟ್ಟಿ. ಆ ರೊಟ್ಟಿಯನ್ನು ಆಕೆ ನೀರಿನಲ್ಲಿ ಅದ್ದಿ ಅದ್ದಿ ತಿನ್ನುವ ಸದ್ದಿಗೆ ವೀರಬಸಪ್ಪ ಮುಖ ಕಿವುಚುತ್ತಿದ್ದ.

"ಸ್ವಲ್ಪ ಸಪ್ಪಳ ಮಾಡದ ತಿನ್ನವ್ವ."

"ಹಲ್ಲಿಲ್ಲಪಾ."

"ಹಲ್ಲಿಲ್ಲ, ಆದರೆ ನಾಲಿಗೆ ಇದೆ, ಅನುಭವ ಇದೆ" ಅಂದಳು ರತ್ನ ಪಾತ್ರೆ ಎತ್ತುತ್ತಾ. "ಅನುಭವಸ್ಥರು ಅಂತ ತಾನೇ ಎಲ್ರೂ ಕರ್ಕೊಂಡು ಹೋಗ್ತಿದ್ದಿದ್ದು?"

"ನಿನ್ನ ಕೂಸಿಗೆ ನಾ ಏನೂ ಮಾಡಂಗಿಲ್ಲವಾ."

"ಮಾಡೋದೇ ಬೇಡ ಅತ್ತೆ. ಮುಟ್ಟೋದೂ ಬೇಡ. ಆಸ್ಪತ್ರೆ ಆಯಾ ಒಬ್ಬರನ್ನ ಹೇಳಿದ್ದೀನಿ."

ಈರವ್ವ ರೊಟ್ಟಿ ಅದ್ದುವುದನ್ನು ನಿಲ್ಲಿಸಿದಳು. ಮಗನ ಕಡೆ ನೋಡಿದಳು. ವೀರಬಸಪ್ಪ ಬೆರಳು ನೆಕ್ಕುತ್ತಿದ್ದ.

"ವೀರಾ, ನೀನೂ ಹಂಗ ಅಂತೀಯೇನು?"

"ಅಕಿ ಬಸುರಿ ಅದಾಳವ್ವ. ಅಕಿ ಹೇಳಿದಂಗ ಆಗ್ಲಿ. ನೀ ಸುಮ್ಮನ ಹಿರೇತನದಿಂದ ಒಂದು ಕಡೆ ಕುಂದ್ರು."

ಅವ್ವ ಪಂಚಪ್ಪನ ಕಡೆ ನೋಡಿದಳು. ಪಂಚಪ್ಪನಂಥ ಮಾತುಗಾರ, ಪ್ರಿನ್ಸಿಪಾಲರಿಗೇ ಬುದ್ಧಿ ಹೇಳುವವನು, ಆ ಹೊತ್ತಿಗೆ ಉಪ್ಪಿನಕಾಯಿಯ ಹೋಳಿನಲ್ಲಿ ನಾರು ಹುಡುಕುತ್ತಿದ್ದ.

ಮಳೆ ಶುರುವಾದ ತಿಂಗಳು ರತ್ನ ಹೆತ್ತಳು. ಹೆಣ್ಣು. ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ಬೆಳಿಗ್ಗೆಯಿಂದಲೇ ಮರಿಯಮ್ಮ ಬರತೊಡಗಿದಳು. ಬಿಳಿ ಸೀರೆಯ ಆಯಾ, ಕೆಲಸದವಳು, ಅವಳದೇನೂ ತಪ್ಪಿಲ್ಲ. ಆಸ್ಪತ್ರೆಯಲ್ಲಿ ಕಲಿತ ಹಾಗೆ ಟಬ್ಬಿನಲ್ಲಿ ಅದ್ದಿ, ಸೋಪು ಹಚ್ಚಿ, ಟವೆಲಿನಲ್ಲಿ ಸುತ್ತಿ ಕೊಟ್ಟು ಹೋಗುತ್ತಿದ್ದಳು. ಕೂಸು ಅರ್ಧ ಗಂಟೆ ಕಿರುಚುತ್ತಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಈರವ್ವ ಗೋಡೆಗೆ ಒರಗಿ ಕೂತು, ಸೀರೆಯೊಳಗೆ ಕಾಲು ಚಾಚಿ, ಖಾಲಿ ತೊಡೆಯ ಮೇಲೆ ಕೈಯಾಡಿಸುತ್ತಿದ್ದಳು. ಪಂಚಪ್ಪ ಅದನ್ನು ಒಂದು ಸಲ ನೋಡಿದ. ಅವನಿಗೆ ಹೇಸಿಕೆ ಬಂತು. ಯಾರ ಮೇಲೆ ಅಂತ ಕೇಳಿದರೆ ಆ ದಿನ ಅವನು ಓಣಿಯವರ ಮೇಲೆ ಅನ್ನುತ್ತಿದ್ದ.

ಹತ್ತನೆಯ ದಿನ ಈರವ್ವ ಎದುರುಮನೆಯ ಬಾಗಿಲು ತಟ್ಟಿದಳು. ನಜ್ಮುನ್ನೀಸಾ ತೆಗೆದಳು, ಮೊಮ್ಮಗ ಸೊಂಟದ ಮೇಲಿದ್ದ, ಗುಳ್ಳೆಯ ಕಲೆಗಳು ಇನ್ನೂ ತಿಳಿಗೆಂಪಾಗಿದ್ದವು.

"ನಜ್ಮಾ, ನಾ ಮಾಕಳಿಗೆ ಹೊಂಟೀನಿ. ನನ್ನ ಕೈಯಿಂದ ಏನು ತಪ್ಪಾತು ತಿಳಕೊಂಡು ಬರಬೇಕು. ತಿಳದ್ರ ನಿನ್ನ ಕಾಲಿಗೆ ಬೀಳ್ತೀನಿ. ನನಗ ಬಸ್ಸಿನ ಬೋರ್ಡ್ ಓದಾಕ ಬರಂಗಿಲ್ಲ. ಬರ್ತೀಯೇನು?"

ನಜ್ಮುನ್ನೀಸಾ ಕೂಸನ್ನು ಸೊಸೆಯ ಕೈಗೆ ಕೊಟ್ಟು ಬುರ್ಖಾ ಹಾಕಿಕೊಂಡಳು. "ಕಾಲಿಗೆ ಬೀಳೋದು ಆಮೇಲೆ. ನಡಿ, ಬಸ್ ಹೋಗುತ್ತೆ."

ಹನ್ನೊಂದನೆಯ ದಿನ ಭಾನುವಾರ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ಗಂಡಸರಿಗೆ ರೊಟ್ಟಿ, ಎಣ್ಣೆಗಾಯಿ; ಬಾಣಂತಿಗೆ ಮೆಣಸಿನ ಸಾರು, ಬೆಳ್ಳುಳ್ಳಿ. ಕೂಸು ತೊಟ್ಟಿಲಲ್ಲಿ ನಿದ್ದೆ ಹೋಗಿತ್ತು. ಈರವ್ವ ಆ ಹಳೆಯ ಎಣ್ಣೆ ಡಬ್ಬಿಯನ್ನು ತಂದು ತಟ್ಟೆಗಳ ನಡುವೆ ಇಟ್ಟು ಕೂತಳು. ನಜ್ಮುನ್ನೀಸಾ ಬಾಗಿಲಲ್ಲಿ ನಿಂತಿದ್ದಳು.

"ಥೂ, ಅದನ್ನ ಯಾಕೆ ಇಲ್ಲಿ ತಂದ್ರಿ ಅತ್ತೆ?" ರತ್ನ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಒಂದು ಮಾತು ಕೇಳಿ ತಗೊಂಡು ಹೋಗ್ತೀನವಾ. ಪಂಚಾ, ಅವತ್ತು ಗಾಣದಾಗ ಎತ್ತು ಯಾವ ಬಣ್ಣದ್ದಿತ್ತಪಾ?"

ಎತ್ತಿನ ಮಾತು ಬಂದದ್ದೇ ಪಂಚಪ್ಪನ ಬೆನ್ನು ನೆಟ್ಟಗಾಯಿತು. ಯಾಕೆ ಕೇಳಿದಳು ಅಂತ ಯೋಚಿಸುವ ಮೊದಲೇ ಬಾಯಿ ಹೊರಟಿತ್ತು. "ಬಿಳೀದವ್ವ! ಹಾಲಿನಂಥಾ ಬಿಳಿ. ಹಣಿ ಮ್ಯಾಲೆ ಕರಿ ಚುಕ್ಕಿ. ಕೋಡು ಇಷ್ಟುದ್ದ, ತುದಿಗೆ ಹಿತ್ತಾಳಿ ಕಳಸ."

"ಕಳಸ ಹಾಕಿದ್ರೇನು, ದುಡಿಯೋ ಎತ್ತಿಗೆ?"

"ಹಾಕಿದ್ರು! ಮುನಿಗಂಗಪ್ಪನ ಪ್ರೀತಿ ಹಂಗ."

"ಎಷ್ಟು ಹೊತ್ತು ಸುತ್ತಿತು?"

"ಒಂದು ತಾಸು. ನನ್ನ ಮುಂದ ಬಂದಾಗೊಮ್ಮೆ ನಿಂತು ನೋಡೋದು, ಮುಂದ ಹೋಗೋದು. ಮುನಿಗಂಗಪ್ಪ ಅಂದ, 'ಪಂಚಪ್ಪಾರೇ, ಇದು ಯಾರ್ಗೂ ಇಂಗೆ ಮಾಡಾಕಿಲ್ಲ, ನಿಮ್ಮವ್ವಂಗೆ ನನ್ ನಮಸ್ಕಾರ ಏಳಿ' ಅಂತ."

"ನಮಸ್ಕಾರ ಹೇಳಿದ್ನೇನು?"

"ಎರಡು ಸಲ!"

ಈರವ್ವ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟಳು. "ಆ ಎತ್ತು ಸಂಕ್ರಾಂತಿಗಿಂತ ಮುಂಚೆನ ಸತ್ತೈತಿ ಪಂಚಾ. ಆವತ್ತಿನಿಂದ ಗಾಣ ನಿಂತೈತಿ. ನಿನ್ನೆ ನಾ ಕಣ್ಣಾರೆ ನೋಡಿ ಬಂದೆ. ಗಾಣದ ಮ್ಯಾಲೆ ಕೋಳಿ ಕುಂತಿದ್ವು."

"ಹಾಂ" ಅಂದಳು ನಜ್ಮುನ್ನೀಸಾ ಬಾಗಿಲಿನಿಂದ. "ನಾನೂ ನೋಡಿದೆ. ಮೂರು ಕೋಳಿ. ಎತ್ತು ಕಟ್ಟೋ ಜಾಗದಲ್ಲಿ ಸೌದೆ ಪೇರ್ಸಿದ್ರು."

ವೀರಬಸಪ್ಪ ತಟ್ಟೆ ಸರಿಸಿದ. "ಎಲ್ಲಿಂದ ತಂದೀಲೇ ಎಣ್ಣಿ?"

"ಅದು... ಅಲ್ಲೇ ಇನ್ನೊಂದು ಗಾಣ ಇತ್ತಣ್ಣ, ಅದಕ್ಕೆರಡು ಎತ್ತು..."

"ಎತ್ತು ಸಾಕು" ಅಂದಳು ಈರವ್ವ. "ನಾ ಕೇಳೋದು ಒಂದ. ಮೂಸಿದೀ?"

ಪಂಚಪ್ಪ ನೀರಿಗೆ ಕೈ ಚಾಚಿದ. ನೀರು ಯಾರೂ ಕೊಡಲಿಲ್ಲ.

"ಮೂಸಿದೀ, ಇಲ್ಲೋ?"

"ಮೂಸಿದ್ದೆ."

"ಏನು ವಾಸನಿ ಇತ್ತು?"

"ದೀಪದ ಎಣ್ಣಿದು." ಅವನ ದನಿ ಅವನಿಗೇ ಕೇಳಿಸಲಿಲ್ಲ. "ಪಿಳ್ಳಪ್ಪನ ಅಂಗಡೀದು. ಅವ ಹೇಳಿದ್ದ, 'ಇದು ದೇವ್ರ ದೀಪಕ್ಕೆ ಸಾಮಿ, ಮೈಗೆ ಅಚ್ಚಬ್ಯಾಡಿ' ಅಂತ. ಟೀ ಅಂಗಡ್ಯಾಗ ಹೊತ್ತಾಗಿತ್ತು. ಬಸ್ಸಿಗೆ ಹೋಗೋ ಹೊತ್ತು ಇರಲಿಲ್ಲ. ಎಣ್ಣಿ ಎಣ್ಣಿನ ಅಲ್ಲ, ಏನಾಗ್ತೈತಿ ಅಂದ್ಕೊಂಡೆ."

"ಟೀ ಅಂಗಡೀಲಿ ಏನ್ ಮಾಡ್ತಿದ್ರಿ?" ರತ್ನ ಕೇಳಿದಳು.

"ಅವ್ವನ್ನ ಹೊಗಳ್ತಿದ್ದೆ ವೈನಿ."

ರತ್ನ ಸೆರಗು ಮೂಗಿನಿಂದ ತೆಗೆದಳು. ಅವನನ್ನು ನೋಡಿದಳು. ಅವಳು ಈ ಮನೆಗೆ ಬಂದಾಗಿನಿಂದ ಹಾಗೆ ನೋಡಿದ್ದನ್ನು ಅವನು ಕಂಡಿರಲಿಲ್ಲ; ತಟ್ಟೆಯಲ್ಲಿ ಕೂದಲು ಸಿಕ್ಕಾಗ ನೋಡುವ ಹಾಗೆ. ಆಮೇಲೆ ಅತ್ತೆಯ ಕೈಗಳ ಕಡೆ ನೋಡಿದಳು. ತಿಕ್ಕಿ ತಿಕ್ಕಿ ಚರ್ಮ ಸುಲಿದ ಬೆರಳ ಸಂದಿ ಇನ್ನೂ ಮಾಗಿರಲಿಲ್ಲ.

ವೀರಬಸಪ್ಪ ಎದ್ದು ನಿಂತ. ತಮ್ಮನಿಗೆ ಹೊಡೆಯುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಅವನು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿದ. ಬಹಳ ಹೊತ್ತು ಉಗುಳುತ್ತಲೇ ಇದ್ದ.

"ನಂದೂ ಒಂದು ಸುಳ್ಳೈತಿ" ಅಂದಳು ಈರವ್ವ. "ನನಗ ಮೂಗಿಲ್ಲ ರತ್ನಾ. ಎರಡು ವರ್ಷ ಆತು. ಕೂಸು ಕೊಡೂದಿಲ್ಲ ಅಂತ ಅಂಜಿ ಮುಚ್ಚಿಟ್ಟಿದ್ದೆ. ಅದಕ್ಕ ಇವನ್ನ ಕಳಿಸಿದ್ದು. ನಜ್ಮಾಗೂ ನಿನ್ನೆ ಬಸ್ಸಿನಾಗ ಹೇಳೀನಿ. ಈಗ ನೀ ಏನಂದ್ರೂ ಕೇಳ್ತೀನಿ."

ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು. ರತ್ನ ಎತ್ತಿಕೊಂಡಳು, ಒದ್ದೆಯಾಗಿತ್ತು.

"ಅತ್ತೆ, ಮರಿಯಮ್ಮನಿಗೆ ನಾಳೆಯಿಂದ ಬರಬೇಡಿ ಅಂತ ಹೇಳ್ಲಾ?"

"ಬ್ಯಾಡ. ಅಕಿನೂ ಬರಲಿ. ಎಣ್ಣಿ ಅಕಿ ಮೂಸಲಿ, ನೀನೂ ಮೂಸು. ನಾ ಎರೀತೀನಿ." ಈರವ್ವ ಗೋಡೆಗೆ ಬೆನ್ನು ಕೊಟ್ಟು ಎರಡೂ ಕಾಲು ಚಾಚಿದಳು. "ಈಗ ಒಣ ಬಟ್ಟಿ ಬದಲಿಸಾಕ ಎಣ್ಣಿ ಏನೂ ಬೇಕಿಲ್ಲಲ್ಲ. ತಾ ಇಲ್ಲಿ."

ರತ್ನ ಬಾಗಿ ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿದಳು. ಟ್ರಂಕಿನಿಂದ ಮೆತ್ತನೆ ಬಟ್ಟೆ ಬಂತು. ನಜ್ಮುನ್ನೀಸಾ ಚಪ್ಪಲಿ ಬಿಟ್ಟು ಒಳಗೆ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. "ನೋಡು ಬಡೀ ಮಾ, ಮೂಗು ನಿಂದೇ..." ಅಂತ ಶುರು ಮಾಡಿದವಳನ್ನು ಈರವ್ವ ಕೈಯೆತ್ತಿ ತಡೆದಳು.

"ಇನ್ನ ಮ್ಯಾಲೆ ನನಗ ಯಾರೂ ದೊಡ್ಡ ದೊಡ್ಡ ಹೆಸರು ಇಡಬ್ಯಾಡ್ರಿ ನಜ್ಮಾ. ಎತ್ತರದಾಗ ಇಟ್ಟಿದ್ದ ಕೆಳಗ ಬೀಳೂದು. ನನ್ನ ಹೆಸರು ಈರವ್ವ. ಅಷ್ಟ ಸಾಕು."

ಪಂಚಪ್ಪ ಎಂಜಲು ಕೈಯಲ್ಲೇ ಕೂತಿದ್ದ. ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅದನ್ನೂ ಹತ್ತು ಪಟ್ಟು ಮಾಡಿ ಹೇಳಬಹುದಾಗಿತ್ತು. ಯಾರೂ ಯಾವ ಹೆಸರನ್ನೂ ಇಡದೆ, ಅವನ ತಟ್ಟೆಯನ್ನು ಮಾತ್ರ ಹಾಗೇ ಬಿಟ್ಟು, ಉಳಿದ ತಟ್ಟೆಗಳನ್ನು ಎತ್ತಿಕೊಂಡು ಹೋದರು.

ಆ ಕೂಸಿಗೆ ಈಗ ಆರು ವರ್ಷ. ಮೊನ್ನೆ ಸ್ಕೂಲಿಲ್ಲದ ದಿನ ಈ ಕಥೆಯನ್ನು ಇದೇ ರೀತಿ, ಹನ್ನೊಂದು ನಿಮಿಷ, ಮೇಖ್ರಿ ಸರ್ಕಲ್ಲು, ಸೀಟಿ, ಲಾರಿ ಎಲ್ಲ ಸೇರಿಸಿ ಅವಳಿಗೆ ಹೇಳಿದ್ದಾಯಿತು. ಪೂರ್ತಿ ಕೇಳಿದಳು. ಅವಳ ಅಜ್ಜಿ ಹೊಸ್ತಿಲಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು, ಕೇಳುತ್ತಿದ್ದಳೋ ಏನೋ.

"ಕಾಕಾ, ಪಂಚಪ್ಪ ಅಂದ್ರೆ ನೀನೇ ಅಲ್ವಾ?"

"ಹೂಂ."

"ಮತ್ತೆ ನಿಂಗೆ ಸೈಕಲ್ ಹೊಡೆಯೋಕೇ ಬರಲ್ವಲ್ಲ?"

ಹೊಸ್ತಿಲಲ್ಲಿ ಅವ್ವ ಕಣ್ಣು ಬಿಟ್ಟಳು.

ಬರಲ್ಲ. ಯಾವತ್ತೂ ಬಂದಿಲ್ಲ. ನಮ್ಮ ಮನೆಯಿಂದ ಪಿಳ್ಳಪ್ಪನ ಅಂಗಡಿ ನಾಲ್ಕನೇ ಬಾಗಿಲು. ನಡೆದೇ ಹೋಗಿದ್ದೆ.